ಒಗೆದರೂ ಬಿಚ್ಚದ ನಿರಿಗೆ: ಇಸ್ಸೆ ಮಿಯಾಕೆ ಮಾಡಿದ್ದೇನು, ನಮ್ಮ ಟೈಲರಿಂಗ್ ಅಂಗಡಿಯಲ್ಲಿ ಆಗುವುದೇನು?

ಪ್ರಶ್ನೆ: ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವ ಚಿಕ್ಕ ಅಂಗಡಿ ನಡೆಸುತ್ತಿದ್ದೇನೆ. ಮದುವೆ ಸೀಸನ್‌ನಲ್ಲಿ ಸೀರೆಗೆ ಪ್ರೀ-ಪ್ಲೀಟಿಂಗ್, ಬಾಕ್ಸ್ ಫೋಲ್ಡಿಂಗ್ ಕೂಡ ಮಾಡಿಕೊಡುತ್ತೇನೆ. ಮಗಳು ಫ್ಯಾಷನ್ ಡಿಸೈನ್ ಓದುತ್ತಿದ್ದಾಳೆ. ಜಪಾನಿನ ಇಸ್ಸೆ ಮಿಯಾಕೆ ಎಂಬುವರ ಮೇಲೆ ಸೆಮಿನಾರ್ ಕೊಡಬೇಕಂತೆ. ಅವರ ಬಟ್ಟೆಯ ನಿರಿಗೆ ಎಷ್ಟು ಒಗೆದರೂ ಹೋಗುವುದಿಲ್ಲ ಅನ್ನುತ್ತಾಳೆ. ನಾನು ಕಾಟನ್ ಬಟ್ಟೆಗೆ ಸಣ್ಣ ನಿರಿಗೆ ಹಿಡಿದು, ಗಂಜಿ ಹಾಕಿ, ಬಿಸಿ ಇಸ್ತ್ರಿ ಒತ್ತಿ ಟಾಪ್ ಹೊಲಿದೆ. ಒಂದೇ ಒಗೆತಕ್ಕೆ ಚಪ್ಪಟೆಯಾಯಿತು. ಎಲ್ಲಿ ತಪ್ಪಿದೆ? ಮೊಳಕಾಲ್ಮೂರು ರೇಷ್ಮೆಯಲ್ಲಿ ಮಾಡಿದರೆ ನಿಲ್ಲುತ್ತದೆಯೇ? ಅಷ್ಟಕ್ಕೂ ನಿರಿಗೆ ಹಿಡಿದದ್ದಕ್ಕೇ ಒಬ್ಬರನ್ನು ಜಗತ್ತು ಇಷ್ಟು ಕೊಂಡಾಡುತ್ತದೆಯೇ?

ಉತ್ತರ: ನಿಮ್ಮ ಕೈ ತಪ್ಪಿಲ್ಲ, ನೂಲು ತಪ್ಪಿದೆ. ಜೊತೆಗೆ ಕೆಲಸದ ಕ್ರಮವೂ ಹಿಂದುಮುಂದಾಗಿದೆ. ನೀವು ನಿರಿಗೆ ಹಿಡಿದು ಆಮೇಲೆ ಹೊಲಿದಿರಿ. ಮಿಯಾಕೆ ಮೊದಲು ಹೊಲಿದು ಮುಗಿಸಿ, ಸಿದ್ಧವಾದ ಉಡುಪಿಗೇ ನಿರಿಗೆ ಹಾಕಿಸಿದರು. ಮಗಳ ಸೆಮಿನಾರಿಗೆ ಬೇಕಾದ್ದೂ ಇದೇ, ನಿಮ್ಮ ಅಂಗಡಿಗೆ ಬೇಕಾದ್ದೂ ಇದೇ.

ಮೊದಲು ಕಾಟನ್ ವಿಷಯ. ಹತ್ತಿಯ ಎಳೆಯೊಳಗೆ ಸೆಲ್ಯುಲೋಸ್‌ನ ಉದ್ದುದ್ದ ಸರಪಳಿಗಳಿವೆ. ಅವನ್ನು ಒಂದಕ್ಕೊಂದು ಹಿಡಿದಿಡುವುದು ಹೈಡ್ರೋಜನ್ ಬಂಧ. ನೀವು ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಒತ್ತಿದಾಗ ಈ ಬಂಧಗಳು ಬಿಚ್ಚಿಕೊಂಡು, ಒಣಗುವಾಗ ಮಡಿಕೆಯ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಅದಕ್ಕೇ ನಿರಿಗೆ ಗರಿಗರಿಯಾಗಿ ನಿಂತಂತೆ ಕಾಣುವುದು. ಆದರೆ ಆ ಬಂಧವನ್ನು ಬಿಚ್ಚಲು ಬರೀ ನೀರು ಸಾಕು. ಬಕೆಟ್ಟಿಗೆ ಹಾಕಿದ ಕ್ಷಣವೇ ಎಳೆ ನೀರು ಕುಡಿದು ಉಬ್ಬಿ, ನಿಮ್ಮ ನಿರಿಗೆಯನ್ನು ಮರೆಯುತ್ತದೆ. ಗಂಜಿಯೂ ನೀರಿನಲ್ಲಿ ಕರಗುವ ವಸ್ತುವೇ. ಕಾಟನ್ನಿಗೆ ರಾಳದ ರಾಸಾಯನಿಕ ಹಾಕಿ ಮಡಿಕೆ ನಿಲ್ಲಿಸುವ ವಿಧಾನ ಕಾರ್ಖಾನೆಗಳಲ್ಲಿದೆ. ಅದರಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಹೊರಬರುವ ಅಪಾಯವಿದೆ, ಬಟ್ಟೆಯ ಗಟ್ಟಿತನವೂ ಕುಗ್ಗುತ್ತದೆ. ಮನೆಗೆ ಅಂಟಿಕೊಂಡ ಅಂಗಡಿಯಲ್ಲಿ ಅದನ್ನು ಮುಟ್ಟಬೇಡಿ.

ರೇಷ್ಮೆಗೂ ಇದೇ ಪಾಡು. ಇದಕ್ಕೆ ನೂರು ವರ್ಷಕ್ಕೂ ಹಳೆಯ ಸಾಕ್ಷಿ ಇದೆ. ಇಟಲಿಯ ವೆನಿಸ್‌ನಲ್ಲಿ ನೆಲೆಸಿದ್ದ ಮಾರಿಯಾನೋ ಫೋರ್ಚುನಿ ಎಂಬ ಕಲಾವಿದ 'ಡೆಲ್ಫೋಸ್' ಎಂಬ ನಿರಿಗೆಯ ರೇಷ್ಮೆ ನಿಲುವಂಗಿ ಮಾಡಿ, 1909ರಲ್ಲಿ ಪೇಟೆಂಟ್ ಪಡೆದ. ಕೂದಲೆಳೆಯಂಥ ಸಣ್ಣ ನಿರಿಗೆ. ಆದರೆ ಆ ಉಡುಪನ್ನು ಹಗ್ಗ ಹುರಿಗೊಳಿಸಿದಂತೆ ತಿರುಚಿ ದುಂಡು ಡಬ್ಬಿಯಲ್ಲಿ ಇಡಬೇಕಿತ್ತು. ನೀರು ತಾಗಿದರೆ ನಿರಿಗೆ ಹೋಗುತ್ತಿತ್ತು, ಮತ್ತೆ ಹಾಕಿಸಿಕೊಳ್ಳಲು ಅವನ ಕಾರ್ಯಾಗಾರಕ್ಕೇ ಕಳಿಸಬೇಕಿತ್ತು. ಅಷ್ಟು ದೊಡ್ಡ ಕುಶಲಿಗೂ ರೇಷ್ಮೆ ಒಗ್ಗಲಿಲ್ಲ.

ಮೊಳಕಾಲ್ಮೂರು ಸೀರೆಯಲ್ಲಿ ಇನ್ನೊಂದು ತೊಡಕು ಜರಿ. ನಿರಿಗೆ ಕೂರಿಸುವಷ್ಟು ಬಿಸಿ, ಒತ್ತಡ ಕೊಟ್ಟರೆ ಜರಿ ಮಡಿಕೆಯ ಗೆರೆಯುದ್ದಕ್ಕೂ ಮುರಿಯುತ್ತದೆ. ಬೀರುವಿನಲ್ಲಿಟ್ಟ ಸೀರೆಯ ಮಡಿಕೆಯನ್ನು ಆಗಾಗ ಬದಲಿಸುತ್ತಿರಬೇಕು ಅನ್ನುವುದೂ ಇದೇ ಕಾರಣಕ್ಕೆ. ಜರಿ ಪ್ಲಾಸ್ಟಿಕ್ ಪದರದ ನಕಲಿಯಾಗಿದ್ದರೆ ಸುರುಟಿಕೊಳ್ಳುತ್ತದೆ, ರೇಷ್ಮೆ 150 ಡಿಗ್ರಿ ದಾಟಿದ ಮೇಲೆ ಹಳದಿಗೆ ತಿರುಗತೊಡಗುತ್ತದೆ. ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಪಡೆದ, ಕೈಮಗ್ಗದಲ್ಲಿ ದಿನಗಟ್ಟಲೆ ಕೂತು ನೇಯ್ದ ಬಟ್ಟೆ ಅದು. ದಯವಿಟ್ಟು ಅದರ ಮೇಲೆ ಈ ಪ್ರಯೋಗ ಬೇಡ. ಒಂದು ದಿನದ ಮದುವೆಗೆ ನೀವು ಮಾಡುವ ಪ್ರೀ-ಪ್ಲೀಟಿಂಗೇ ಅದಕ್ಕೆ ಸರಿಯಾದ ಮರ್ಯಾದೆ.

ಹಾಗಾದರೆ ನಿಲ್ಲುವುದು ಯಾವುದರಲ್ಲಿ? ಪಾಲಿಯೆಸ್ಟರ್‌ನಲ್ಲಿ. ಇದು ಬಿಸಿಗೆ ಮೆದುವಾಗಿ, ತಣಿದಾಗ ಗಟ್ಟಿಯಾಗುವ ಎಳೆ. ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒಳಗಿನ ಸರಪಳಿಗಳು ಅಲುಗಾಡತೊಡಗುತ್ತವೆ, 255-260 ಡಿಗ್ರಿಯ ಹೊತ್ತಿಗೆ ಎಳೆಯೇ ಕರಗುತ್ತದೆ. ಈ ಎರಡರ ನಡುವೆ, 170ರಿಂದ 190 ಡಿಗ್ರಿಯಲ್ಲಿ ಮಡಿಕೆಯನ್ನು ಒತ್ತಿ ಹಿಡಿದು, ಹಾಗೆಯೇ ತಣಿಸಿದರೆ ಆ ಆಕಾರ ಎಳೆಯೊಳಗೇ ಕೂರುತ್ತದೆ. 30-40 ಡಿಗ್ರಿಯ ನೀರಿಗೆ ಅದನ್ನು ಅಲುಗಿಸುವ ಶಕ್ತಿಯಿಲ್ಲ. ಶಾಲೆಯ ಯೂನಿಫಾರ್ಮ್ ಸ್ಕರ್ಟಿನ ನಿರಿಗೆ ವರ್ಷಪೂರ್ತಿ ನಿಲ್ಲುವುದನ್ನು ನೀವೇ ನೋಡಿದ್ದೀರಿ. ಟೆರಿಕಾಟ್‌ನಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್ ಇರುವುದೇ ಅದಕ್ಕೆ ಕಾರಣ. ಉಣ್ಣೆಗೂ ಇಂಥ ಗುಣ ಸ್ವಲ್ಪ ಇದೆ, ಪಾರ್ಲರಿನಲ್ಲಿ ಕೂದಲನ್ನು ರಾಸಾಯನಿಕದಿಂದ ಗುಂಗುರು ಮಾಡಿದಂತೆ ಅದನ್ನೂ ಕೂರಿಸಬಹುದು. ಆದರೆ ಚಳ್ಳಕೆರೆ ಕಡೆಯ ಕಂಬಳಿಯಂಥ ದಪ್ಪ, ಒರಟು ಉಣ್ಣೆ ಒಂದು ಸೆಂಟಿಮೀಟರ್ ನಿರಿಗೆಗೆ ಬಗ್ಗುವುದಿಲ್ಲ.

ಈಗ ಮಿಯಾಕೆ. ಹುಟ್ಟಿದ್ದು 1938ರ ಏಪ್ರಿಲ್ 22, ಹಿರೋಷಿಮಾದಲ್ಲಿ. 1945ರ ಆಗಸ್ಟ್ 6ರಂದು ಊರಿನ ಮೇಲೆ ಅಣುಬಾಂಬ್ ಬಿದ್ದಾಗ ಏಳು ವರ್ಷದ ಶಾಲಾ ಬಾಲಕ. ವಿಕಿರಣದಿಂದಾಗಿ ತಾಯಿ ಮೂರು ವರ್ಷದೊಳಗೆ ತೀರಿಕೊಂಡರು. ಆ ಮನುಷ್ಯ ಅದನ್ನು ದಶಕಗಟ್ಟಲೆ ಹೇಳಿಕೊಳ್ಳಲಿಲ್ಲ. ಬಾಂಬಿನಿಂದ ಬದುಕುಳಿದ ಡಿಸೈನರ್ ಎಂಬ ಪಟ್ಟ ಅವರಿಗೆ ಬೇಕಿರಲಿಲ್ಲ. 2009ರಲ್ಲಿ ಮಾತ್ರ, ಅಮೆರಿಕದ ಅಧ್ಯಕ್ಷ ಒಬಾಮಾ ಹಿರೋಷಿಮಾಕ್ಕೆ ಬರಬೇಕು ಎಂದು ಪತ್ರಿಕೆಯಲ್ಲಿ ಬರೆಯುವಾಗ ಮನಬಿಚ್ಚಿದರು. ಸೆಮಿನಾರಿನಲ್ಲಿ ಮಗಳು ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗಲಿ, ಅವರ ಇಚ್ಛೆಗೆ ಅದೇ ಗೌರವ.

ಟೋಕಿಯೊದ ತಾಮಾ ಕಲಾ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ಗ್ರಾಫಿಕ್ ಡಿಸೈನ್. 1960ರಲ್ಲಿ ಟೋಕಿಯೊದಲ್ಲಿ ವಿಶ್ವ ವಿನ್ಯಾಸ ಸಮ್ಮೇಳನ ನಡೆದಾಗ, ಉಡುಪನ್ನು ಏಕೆ ಸೇರಿಸಿಲ್ಲ ಎಂದು ಸಂಘಟಕರಿಗೆ ಪತ್ರ ಬರೆದ ವಿದ್ಯಾರ್ಥಿ ಅವರು. ಸೇತುವೆ, ಕುರ್ಚಿ, ಕಟ್ಟಡಗಳಿಗೆ ವಿನ್ಯಾಸ ಎಂಬ ಗೌರವ ಸಿಗುವುದಾದರೆ ಮೈಮೇಲೆ ದಿನವೂ ಇರುವ ಬಟ್ಟೆಗೇಕಿಲ್ಲ? ಅವರ ಮುಂದಿನ ಅರವತ್ತು ವರ್ಷದ ದುಡಿಮೆಯ ಬೇರು ಈ ಪ್ರಶ್ನೆಯಲ್ಲಿದೆ ಎಂದು ನನಗನ್ನಿಸುತ್ತದೆ. 1965ರಲ್ಲಿ ಪ್ಯಾರಿಸ್‌ಗೆ ಹೋಗಿ, ಗಿ ಲಾರೋಶ್ ಮತ್ತು ಜಿವಾಂಶಿ ಎಂಬ ಹೆಸರಾಂತ ಉಡುಪು ವಿನ್ಯಾಸಕರ ಬಳಿ ದುಡಿದರು. ಅಲ್ಲಿ ಸಿರಿವಂತ ಮಹಿಳೆಯೊಬ್ಬಳ ಒಂದು ಉಡುಪಿಗೆ ಹತ್ತಾರು ಕೈಗಳು ವಾರಗಟ್ಟಲೆ ದುಡಿಯುತ್ತಿದ್ದವು. 1968ರ ಮೇ ತಿಂಗಳಲ್ಲಿ ಅದೇ ಊರಿನ ಬೀದಿಗಳಲ್ಲಿ ವಿದ್ಯಾರ್ಥಿಗಳೂ ಕಾರ್ಮಿಕರೂ ದಂಗೆಯೆದ್ದದ್ದನ್ನು ಅವರು ಕಣ್ಣಾರೆ ಕಂಡರು. ಕೆಲವರಿಗಾಗಿ ಹೊಲಿಯುವ ಕಸುಬು ತನ್ನದಲ್ಲ, ಜೀನ್ಸ್, ಟೀ-ಶರ್ಟಿನಂತೆ ಎಲ್ಲರೂ ತೊಡುವಂಥದ್ದು ಬೇಕು ಎಂಬ ನಿಲುವು ಗಟ್ಟಿಯಾಯಿತು. ನ್ಯೂಯಾರ್ಕ್‌ನಲ್ಲಿ ಕೆಲಕಾಲ ಇದ್ದು, 1970ರಲ್ಲಿ ಟೋಕಿಯೊದಲ್ಲಿ ಸ್ವಂತ ಸ್ಟುಡಿಯೊ ತೆರೆದರು.

ಅಲ್ಲಿಂದ ಮುಂದೆ ಅವರ ತಲೆಯಲ್ಲಿದ್ದದ್ದು 'ಒಂದು ತುಂಡು ಬಟ್ಟೆ': ಬಟ್ಟೆ ಮತ್ತು ಮೈ, ಎರಡರ ನಡುವಿನ ಜಾಗ. ಸೀರೆ ಉಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯುರೋಪಿನ ಟೈಲರ್ ಬಟ್ಟೆಯನ್ನು ಕತ್ತರಿಸಿ ಮೈಯ ಅಚ್ಚಿಗೆ ಕೂರಿಸುತ್ತಾನೆ. ಸೀರೆ, ಕಿಮೊನೊ ಬಟ್ಟೆಯನ್ನು ನೇರ ಅಂಚಿನಲ್ಲೇ ಉಳಿಸಿ, ಮೈಗೆ ಸುತ್ತಿ ಆಕಾರ ಕೊಡುತ್ತವೆ. ಭಾರತದ ಕೈಕೆಲಸದ ಜೊತೆಗೂ ಅವರಿಗೆ ನಂಟಿತ್ತು: 1980ರ ದಶಕದಲ್ಲಿ ಅಹಮದಾಬಾದಿನ ಆಶಾ ಸಾರಾಭಾಯಿ ಅವರೊಂದಿಗೆ ಸೇರಿ ಉಡುಪು ತಯಾರಿಸಿದರು. ಅವರ ಬಟ್ಟೆ ತಜ್ಞೆ ಮಾಕಿಕೊ ಮಿನಗಾವಾ 2000ದಲ್ಲಿ ಆರಂಭಿಸಿದ 'ಹಾಟ್' ಎಂಬ ಉಡುಪಿನ ಸರಣಿಯಲ್ಲೂ ಭಾರತದ ಕಸುಬು ಇದೆ. ಬೇರೆ ಸಾಮಗ್ರಿಗಳಿಗೂ ಕೈ ಹಾಕಿದರು. 1982ರಲ್ಲಿ 'ಆರ್ಟ್‌ಫೋರಮ್' ಎಂಬ ಕಲಾ ಪತ್ರಿಕೆಯ ಮುಖಪುಟಕ್ಕೆ ಬಂದ ಅವರ ಎದೆಗವಚ, ನಮ್ಮ ಮೇದಾರರು ಬುಟ್ಟಿ ಹೆಣೆಯುವ ಬಿದಿರು-ಬೆತ್ತದ ಜಾತಿಯದೇ. ಕಲಾ ಪತ್ರಿಕೆಯೊಂದು ಉಡುಪನ್ನು ಮುಖಪುಟಕ್ಕೆ ಏರಿಸಿದ್ದು ಆಗ ದೊಡ್ಡ ಸುದ್ದಿ.

ನಿರಿಗೆಯ ಕೆಲಸ ಶುರುವಾದದ್ದು 1988ರ ಸುಮಾರಿಗೆ. 1991ರಲ್ಲಿ ನೃತ್ಯ ಸಂಯೋಜಕ ವಿಲಿಯಂ ಫೋರ್ಸೈತ್ ಅವರ ಫ್ರಾಂಕ್‌ಫರ್ಟ್ ಬ್ಯಾಲೆ ತಂಡಕ್ಕೆ ನಿರಿಗೆಯ ಉಡುಪು ಕೊಟ್ಟು, ಕುಣಿಯುವ ಮೈಗೆ ಅದು ಹೇಗೆ ಒಗ್ಗುತ್ತದೆ ಎಂದು ನೋಡಿದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ, ಆಗತಾನೇ ಸ್ವತಂತ್ರವಾಗಿದ್ದ ಲಿಥುವೇನಿಯಾ ತಂಡಕ್ಕೆ ನಿರಿಗೆಯ ಸಮವಸ್ತ್ರ ಮಾಡಿಕೊಟ್ಟರು. 1993ರಲ್ಲಿ 'ಪ್ಲೀಟ್ಸ್ ಪ್ಲೀಸ್' ಎಂಬ ಅವರ ನಿರಿಗೆ ಉಡುಪಿನ ಬ್ರ್ಯಾಂಡ್ ಮಾರುಕಟ್ಟೆಗೆ ಬಂತು. ಪಾಲಿಯೆಸ್ಟರ್ ಬಟ್ಟೆಯನ್ನು ಬೇಕಾದ ಅಳತೆಗಿಂತ ಎರಡೂವರೆ-ಮೂರು ಪಟ್ಟು ದೊಡ್ಡದಾಗಿ ಕತ್ತರಿಸಿ, ಪೂರ್ತಿ ಹೊಲಿದು, ಎರಡು ಕಾಗದಗಳ ನಡುವೆ ಇಟ್ಟು ಬಿಸಿ ಪ್ರೆಸ್ಸಿಗೆ ಕೊಟ್ಟರೆ, ದೈತ್ಯನ ಅಂಗಿಯಂತೆ ಒಳಹೋದದ್ದು ನಮ್ಮ ಅಳತೆಯದಾಗಿ ಹೊರಬರುತ್ತದೆ. ಗುಂಡಿ, ಜಿಪ್, ಲೈನಿಂಗ್ ಬೇಡ, ಇಸ್ತ್ರಿಯೂ ಬೇಡ. ಸುತ್ತಿ ಚೀಲದಲ್ಲಿ ತುರುಕಿದರೂ ತೆಗೆದಾಗ ಹಾಗೆಯೇ ಇರುತ್ತದೆ. ಮೈ ಸ್ವಲ್ಪ ದಪ್ಪವಾದರೂ ಸಣ್ಣವಾದರೂ ನಿರಿಗೆ ತೆರೆದುಕೊಂಡು ಮುಚ್ಚಿಕೊಂಡು ಹೊಂದುತ್ತದೆ. ನೀವು ಕೇಳಿದ ಕೊನೆಯ ಪ್ರಶ್ನೆಗೆ ಉತ್ತರ ಇದು. ನಿರಿಗೆಯನ್ನು ಅಲಂಕಾರದ ಪಟ್ಟಿಯಿಂದ ತೆಗೆದು, ಅಳತೆ, ಇಸ್ತ್ರಿ, ಜಿಪ್ ಎಲ್ಲವುಗಳ ಕೆಲಸವನ್ನು ಅದೊಂದಕ್ಕೇ ಒಪ್ಪಿಸಿದವರು ಅವರು.

ಇನ್ನು ನಿಮ್ಮ ಅಂಗಡಿ. ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿ ಸಿಂಥೆಟಿಕ್ ಬಟ್ಟೆಗೆ ಇಡುವ ಒಂದು ಚುಕ್ಕೆ ಎಂದರೆ ಸುಮಾರು 110 ಡಿಗ್ರಿ. ನಿರಿಗೆ ಅರೆಬರೆ ಕೂರುತ್ತದೆ, ಎಲ್ಲ ಕಡೆ ಒಂದೇ ಒತ್ತಡವೂ ಬೀಳುವುದಿಲ್ಲ. ಟೀ-ಶರ್ಟ್ ಮೇಲೆ ಫೋಟೊ ಅಚ್ಚು ಹಾಕುವ ಅಂಗಡಿಗಳಲ್ಲಿ ಹೀಟ್ ಪ್ರೆಸ್ ಇರುತ್ತದೆಯಲ್ಲ, ಅದೇ ನಿಮಗೆ ಬೇಕಾದ ಯಂತ್ರ. ಸಾಮಾನ್ಯ ಪ್ಲೇಟ್ 38 ಸೆಂಟಿಮೀಟರ್ ಚೌಕ, ಉಷ್ಣತೆಯನ್ನೂ ಸಮಯವನ್ನೂ ಅಂಕಿಯಲ್ಲಿ ಇಡಬಹುದು. ಮೊದಲಿಗೆ ಗಂಟೆ ಲೆಕ್ಕದಲ್ಲಿ ಕೇಳಿ ಬಳಸಿಕೊಳ್ಳಿ, ಕೊಳ್ಳುವುದು ಆಮೇಲೆ.

ಬಟ್ಟೆ: ತೆಳು ಪಾಲಿಯೆಸ್ಟರ್ ಕ್ರೇಪ್ ಅಥವಾ ಜಾರ್ಜೆಟ್. ಅಂಗಡಿಯವರ ಮಾತನ್ನು ನಂಬುವ ಮೊದಲು ನಾಲ್ಕು ಎಳೆ ಕಿತ್ತು ಸುಟ್ಟು ನೋಡಿ. ಪಾಲಿಯೆಸ್ಟರ್ ಸುರುಟಿ ಕರಗಿ, ಕಪ್ಪು ಹೊಗೆ ಬಿಟ್ಟು ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಅದು ಹತ್ತಿಯ ನೆಂಟ, ನಿಮಗೆ ಬೇಡ. ದಾರವೂ ಪಾಲಿಯೆಸ್ಟರೇ ಆಗಬೇಕು. ಕಾಟನ್ ದಾರ ಹಾಕಿದರೆ ಬಟ್ಟೆಯಲ್ಲಿ ಮಡಿಕೆ ಕೂತರೂ ದಾರದಲ್ಲಿ ಕೂರದೆ, ಒಗೆದ ಮೇಲೆ ಹೊಲಿಗೆಯ ಗೆರೆಯುದ್ದಕ್ಕೂ ನಿರಿಗೆ ಬಾಯಿ ಬಿಡುತ್ತದೆ. ಗಟ್ಟಿತನಕ್ಕೆಂದು ಒಳಗೆ ಕ್ಯಾನ್ವಾಸ್ ಅಂಟಿಸಬೇಡಿ, ಅದರ ಗೋಂದು ಕರಗಿ ಹೊರಬರುತ್ತದೆ.

ಮೊದಲ ಉಡುಪಿಗೆ ತೋಳಿಲ್ಲದ ಸಾದಾ ಟಾಪ್ ಸಾಕು. 44 ಇಂಚು ಪನ್ನಾದ ಬಟ್ಟೆ 1.8 ಮೀಟರ್ ತನ್ನಿ. ತೊಳೆದು ಒಣಗಿಸಿ, ಒಮ್ಮೆ 180 ಡಿಗ್ರಿಯಲ್ಲಿ ಬಿಡಿಸಿಯೇ ಪ್ರೆಸ್ ಮಾಡಿ. ಕುಗ್ಗುವುದಿದ್ದರೆ ಈಗಲೇ ಕುಗ್ಗಲಿ. ಆಮೇಲೆ 108 ಸೆಂಟಿಮೀಟರ್ ಅಗಲ, 74 ಸೆಂಟಿಮೀಟರ್ ಉದ್ದದ ಎರಡು ತುಂಡು ಕತ್ತರಿಸಿ. ಹಾಸಿನ ಎಳೆ, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆ, ಮೇಲಿನಿಂದ ಕೆಳಕ್ಕೆ ಇರಲಿ. ಎರಡೂ ಬದಿ 1.5 ಸೆಂಟಿಮೀಟರ್ ಹೊಲಿಗೆಗೆ ಹೋದರೆ ಉಳಿಯುವುದು 105.

ಇಲ್ಲಿ ಎಲ್ಲರೂ ಎಡವುತ್ತಾರೆ. ನಿರಿಗೆ ಮೇಲಿನಿಂದ ಕೆಳಕ್ಕೆ ಬಂದಾಗ ಅಡ್ಡ ಅಳತೆ ಮಾತ್ರ ಮೂರರಲ್ಲಿ ಒಂದಾಗುತ್ತದೆ, ಉದ್ದದ ಅಳತೆ ಹಾಗೆಯೇ ಉಳಿಯುತ್ತದೆ. ಕತ್ತಿನ ಅಗಲ 17 ಸೆಂಟಿಮೀಟರ್ ಬೇಕಾದರೆ 51 ಕತ್ತರಿಸಬೇಕು; ಆಳ 10 ಬೇಕಾದರೆ 10ನ್ನೇ ಕತ್ತರಿಸಬೇಕು. ದುಂಡು ಕತ್ತು ಬೇಕಾದರೆ ಕತ್ತರಿಸುವಾಗ ಅದು ಅಡ್ಡಲಾಗಿ ಎಳೆದ ಮೊಟ್ಟೆಯಂತೆ ಕಾಣಬೇಕು. ಭುಜ ತಲಾ 9 ಬೇಕು, ಅಂದರೆ 27. 27, 51, 27 ಕೂಡಿದರೆ 105 ಸರಿಹೋಯಿತು. ಭುಜಕ್ಕೆ ಇಳಿಜಾರು ಬೇಡ, ನೇರ ಗೆರೆ. ಬದಿಯಲ್ಲಿ ಮೇಲಿನ 23 ಸೆಂಟಿಮೀಟರ್ ಹೊಲಿಯದೆ ಬಿಟ್ಟರೆ ಅದೇ ಕೈ ತೂರುವ ಜಾಗ. ಮೈಯ ಆಕಾರಕ್ಕೆ ಹಿಡಿಯುವ ಟಕ್ಸ್ ಹಾಕಬೇಡಿ.

11 ನಂಬರ್ ಸೂಜಿಯಲ್ಲಿ ಹೊಲಿದು, ಬದಿಗಳಿಗೆ ಓವರ್‌ಲಾಕ್, ಕತ್ತಿಗೂ ಕೆಳ ಅಂಚಿಗೂ ಪೀಕೋ. ಅಗಲ ಮಡಿಸಿದ ಅಂಚು ನಿರಿಗೆಯಲ್ಲಿ ಹಲವು ಪದರವಾಗಿ ದಪ್ಪಗಾಗುತ್ತದೆ, ಅಲ್ಲಿ ಬಿಸಿ ಒಳಗಿಳಿಯುವುದಿಲ್ಲ.

ನಿರಿಗೆಯ ಅಚ್ಚಿಗೆ ದಪ್ಪ ಕಂದು ಕ್ರಾಫ್ಟ್ ಕಾಗದ, 110ಕ್ಕೆ 80 ಸೆಂಟಿಮೀಟರ್‌ನ ಎರಡು ಹಾಳೆ. ನ್ಯೂಸ್‌ಪೇಪರ್ ಬೇಡವೇ ಬೇಡ, ಮಸಿ ಬಟ್ಟೆಗೆ ಹತ್ತುತ್ತದೆ. 2 ಸೆಂಟಿಮೀಟರ್, 1 ಸೆಂಟಿಮೀಟರ್, ಮತ್ತೆ 2, ಮತ್ತೆ 1, ಹೀಗೆ ಗೆರೆ ಎಳೆದು, ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ತೀಡಿ. 2 ಮುಂದಕ್ಕೆ, 1 ಹಿಂದಕ್ಕೆ ಮಡಿಸಿದರೆ ಮೇಲೆ ಕಾಣುವುದು ಒಂದೇ ಕಡೆಗೆ ಮಲಗಿದ 1 ಸೆಂಟಿಮೀಟರ್ 'ಚೂರಿ' ನಿರಿಗೆ. 105 ಸೆಂಟಿಮೀಟರಿಗೆ 35 ನಿರಿಗೆ, ಮಡಿಸಿದ ಅಗಲ 35, ಪ್ಲೇಟಿನೊಳಗೆ ಕೂರುತ್ತದೆ. ಎರಡೂ ಕಾಗದಗಳನ್ನು ಒಂದೇ ದಿಕ್ಕಿಗೆ ಮಡಿಸಿ ಪಳಗಿಸಿಕೊಳ್ಳಿ, ಒಂದರ ಮೇಲೊಂದು ಇಟ್ಟಾಗ ಗೆರೆಗೆ ಗೆರೆ ಕೂರಬೇಕು.

ಕೆಳಗಿನ ಹಾಳೆಯನ್ನು ಬಿಡಿಸಿ ಮೇಜಿನ ಮೇಲೆ ಹರಡಿ, ಹೊಲಿದ ಟಾಪನ್ನು ಅದರ ಮೇಲೆ ಸುಕ್ಕಿಲ್ಲದೆ ಹಾಸಿ, ಮೇಲಿನ ಹಾಳೆ ಮುಚ್ಚಿ. ಇಬ್ಬರು ಎದುರುಬದುರು ನಿಂತು ಒಂದು ಬದಿಯಿಂದ ಮೂರನ್ನೂ ಒಟ್ಟಿಗೆ ಮಡಿಸುತ್ತ ಬನ್ನಿ. ಸೀರೆ ನಿರಿಗೆ ಹಿಡಿದು ಪಳಗಿದ ಕೈಗೆ ಇದು ಕಷ್ಟವಲ್ಲ. ಗುಂಡುಪಿನ್ ಚುಚ್ಚಿದ್ದರೆ ಪ್ರೆಸ್ಸಿಗೆ ಮುಂಚೆ ಎಲ್ಲವನ್ನೂ ತೆಗೆಯಿರಿ.

ಪ್ರೆಸ್ 180 ಡಿಗ್ರಿ. ಬಟ್ಟೆ, ಕಾಗದ ಸೇರಿ ಹನ್ನೆರಡು ಪದರ ಇರುವುದರಿಂದ ಒಳಪದರಕ್ಕೆ ಬಿಸಿ ತಲುಪಲು ಹೊತ್ತು ಬೇಕು. ಒಂದು ಮಗ್ಗುಲಿಗೆ 60 ಸೆಕೆಂಡಿನಿಂದ ಆರಂಭಿಸಿ 90ರ ತನಕ ಹೋಗಿ. ಬಿಸಿ ಮೇಲಿನ ಪ್ಲೇಟಿನಿಂದ ಮಾತ್ರ ಬರುತ್ತದೆ, ಆದ್ದರಿಂದ ಮಗುಚಿ ಹಾಕಿ ಇನ್ನೊಂದು ಮಗ್ಗುಲಿಗೂ ಅಷ್ಟೇ ಕೊಡಿ. ಉದ್ದ 74 ಇರುವುದರಿಂದ ಎರಡು ಸಲ ಒತ್ತಿದರೆ ಅಂಚಿಗೆ ಅಂಚು ತಾಗುವಷ್ಟೇ ಆಗುತ್ತದೆ. ನಡುವೆ ನಾಲ್ಕು ಸೆಂಟಿಮೀಟರ್ ಒಂದರ ಮೇಲೊಂದು ಬರುವಂತೆ ಜರುಗಿಸುತ್ತ ಮೂರು ಸಲ ಒತ್ತಿ.

ಆಮೇಲೆ ಮುಖ್ಯವಾದ ಹೆಜ್ಜೆ: ಬಿಚ್ಚಬೇಡಿ. ಆಕಾರ ಗಟ್ಟಿಯಾಗುವುದು ಬಿಸಿಯಲ್ಲಲ್ಲ, ತಣಿಯುವಾಗ. ಕಾಗದದ ಸಮೇತ ಕಡಪ ಕಲ್ಲಿನ ಮೇಲಿಟ್ಟು, ಮೇಲೊಂದು ಕಲ್ಲು ಹೇರಿ ಕಾಲು ಗಂಟೆ ಬಿಡಿ. ಬಿಸಿಯಿರುವಾಗಲೇ ನೋಡುವ ಆಸೆಗೆ ಎಳೆದರೆ ಪಟ್ಟ ಶ್ರಮವೆಲ್ಲ ಹೋದಂತೆ.

ಗಾಢ ಬಣ್ಣದ ಬಟ್ಟೆಯಲ್ಲಿ ಒಂದು ಎಚ್ಚರ. ಪಾಲಿಯೆಸ್ಟರಿನ ಬಣ್ಣಗಳಲ್ಲಿ ಹಲವು ಈ ಬಿಸಿಗೆ ಆವಿಯಾಗಿ ಪಕ್ಕದ ಪದರಕ್ಕೆ ಹತ್ತುತ್ತವೆ. ಟೀ-ಶರ್ಟಿನ ಫೋಟೊ ಅಚ್ಚು ಕೆಲಸ ಮಾಡುವುದೂ ಇದೇ ತತ್ವದಿಂದ. ಮೆರೂನ್, ಕಡುನೀಲಿ, ಕಪ್ಪಿಗೆ 170ಕ್ಕೆ ಇಳಿಸಿ, ಹೊತ್ತು ಹೆಚ್ಚಿಸಿ. ಒಮ್ಮೆ ಬಣ್ಣ ಹತ್ತಿದ ಕಾಗದವನ್ನು ತಿಳಿ ಬಟ್ಟೆಗೆ ಮತ್ತೆ ಬಳಸಬೇಡಿ. 200 ದಾಟಿದರೆ ಬಟ್ಟೆ ಬಿರುಸಾಗಿ ಪ್ಲಾಸ್ಟಿಕ್ ಹೊಳಪು ಬರುತ್ತದೆ. ನಿರಿಗೆ ಹಾವಿನಂತೆ ಸೊಟ್ಟಗಾದರೆ ಬಟ್ಟೆಯನ್ನು ಹಾಸಿನ ಎಳೆಗೆ ಸರಿಯಾಗಿ ಇಟ್ಟಿಲ್ಲ ಎಂದರ್ಥ.

ಗಿರಾಕಿಗೆ ಕೊಡುವ ಮೊದಲು ಮೂರು ಸಲ ಒಗೆಯಿರಿ. ಹಿಂಡದೆ, ನಿರಿಗೆಯ ಉದ್ದಕ್ಕೆ ಹಿಡಿದು ನೀರಿಳಿಸಿ ನೆರಳಲ್ಲಿ ಒಣಗಿಸಿ. ಹಾಸಿಟ್ಟು ಅಳೆದಾಗ 35 ಇದ್ದದ್ದು 40 ದಾಟಿದ್ದರೆ ಒಳಪದರಕ್ಕೆ ಬಿಸಿ ಸಾಲಲಿಲ್ಲ. ಮುಂದಿನದಕ್ಕೆ 30 ಸೆಕೆಂಡ್ ಹೆಚ್ಚಿಸಿ. ಕುದಿನೀರು, ನೇರ ಇಸ್ತ್ರಿ ಎರಡೂ ಕೂಡದು ಎಂದು ಚೀಟಿ ಬರೆದು ಕೊಡಿ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ ಎಂಬುದನ್ನೂ ಮುಚ್ಚಿಡಬೇಡಿ. ಹತ್ತಿ ತನ್ನ ತೂಕದ ಶೇ 8ರಷ್ಟು ತೇವ ಹಿಡಿದಿಡುತ್ತದೆ, ಇದು ಶೇ 0.4ರಷ್ಟು ಮಾತ್ರ. ನಿರಿಗೆ ಮೈಗೆ ಅಂಟದೆ ಗಾಳಿಯಾಡುತ್ತದೆ ನಿಜ, ಆದರೂ ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಹಗಲಿಡೀ ತೊಡುವ ಬಟ್ಟೆ ಇದಲ್ಲ. ಸಂಜೆಯ ಆರತಕ್ಷತೆಗೆ ಚೆನ್ನ. 'ಪ್ಲೀಟ್ಸ್ ಪ್ಲೀಸ್' ಎಂಬ ಹೆಸರನ್ನು ಬೋರ್ಡಿನಲ್ಲಿ ಬರೆಸಬೇಡಿ, ಅದು ಅವರ ಬ್ರ್ಯಾಂಡ್. ನಿರಿಗೆ ಹಿಡಿಯುವ ವಿದ್ಯೆ ಎಲ್ಲರದು.

ಸೆಮಿನಾರಿಗೆ ಇನ್ನೆರಡು ಕೆಲಸ ಮಗಳು ಮರೆಯಬಾರದು. ಡಾಯ್ ಫುಜಿವಾರಾ ಜೊತೆ 1998ರ ಹೊತ್ತಿಗೆ ತಂದ 'ಎ-ಪಾಕ್': ಕಂಪ್ಯೂಟರ್ ನಡೆಸುವ ಯಂತ್ರ ಉದ್ದನೆಯ ಕೊಳವೆಯಂತೆ ಬಟ್ಟೆ ಹೆಣೆಯುತ್ತದೆ, ಉಡುಪಿನ ಗೆರೆ ಅದರೊಳಗೇ ಇರುತ್ತದೆ, ಕೊಂಡವರು ಕತ್ತರಿಯಿಂದ ಬಿಡಿಸಿಕೊಂಡು ತೊಟ್ಟರಾಯಿತು. ಹೊಲಿಗೆ ಇಲ್ಲ, ಚಿಂದಿ ಬಲು ಕಡಿಮೆ. 2010ರ '132 5.' ಎಂಬುದು ಗಣಿತದ ನೆರವಿನಿಂದ ಮಡಿಸಿದ ಬಟ್ಟೆ. ನೆಲದ ಮೇಲೆ ಚಪ್ಪಟೆ ನಕ್ಷತ್ರದಂತೆ ಬಿದ್ದಿರುತ್ತದೆ, ಎತ್ತಿದರೆ ಉಡುಪಾಗುತ್ತದೆ. ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ ಮಿಯಾಕೆ ಮಾಡಿಕೊಟ್ಟ ಕಪ್ಪು ಅಂಗಿಯನ್ನು ಎಲ್ಲರೂ ಹೇಳುತ್ತಾರೆ, ಅದಕ್ಕೆ ಅರ್ಧ ನಿಮಿಷ ಸಾಕು. 2022ರ ಆಗಸ್ಟ್ 5ರಂದು, 84ನೇ ವಯಸ್ಸಿನಲ್ಲಿ ಮಿಯಾಕೆ ತೀರಿಕೊಂಡರು.

ಸ್ಲೈಡುಗಳಿಗಿಂತ ಒಂದು ಬೋಗುಣಿ ನೀರು ಹೆಚ್ಚು ಕೆಲಸ ಮಾಡುತ್ತದೆ. ಕಾಟನ್‌ನದೊಂದು, ಪಾಲಿಯೆಸ್ಟರ್‌ನದೊಂದು, ಒಂದೇ ಅಳತೆಯ ತುಂಡಿಗೆ ಒಂದೇ ಕಾಗದದಲ್ಲಿ ನಿರಿಗೆ ಹಾಕಿ ಕೊಟ್ಟು ಕಳಿಸಿ. ಮಾತು ಶುರುಮಾಡುವಾಗ ಎರಡನ್ನೂ ನೀರಿಗೆ ಬಿಟ್ಟು, ಮುಗಿಸುವಾಗ ತೆಗೆದು ಪಕ್ಕಪಕ್ಕ ಹರಡಲಿ. ನೀರು ಉಗುರುಬೆಚ್ಚಗಿರಲಿ, ಎರಡು ಹನಿ ಸೋಪಿನ ದ್ರವ ಹಾಕಲಿ. ಇಲ್ಲದಿದ್ದರೆ ಹೊಸ ಕಾಟನ್ ಬೇಗ ನೆನೆಯದೆ ಮೇಲೆಯೇ ತೇಲುತ್ತದೆ.